ಪಲ್ಲಕ್ಕಿಯವರು ಬಲ್ಲ ದಾರಿ, ಲ್ಯಾಂಬ್ಟನ್ ಎಳೆದ ಗೆರೆ

1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪು ಸುಲ್ತಾನ್ ಕಾದಾಡುತ್ತಲೇ ಪ್ರಾಣ ಬಿಟ್ಟ. ಸರಿಯಾಗಿ ಏಳು ವಾರ ಕಳೆದು, ಜೂನ್ 22ರಂದು, ಅವನ ರಾಜ್ಯವನ್ನು ಪಾಲು ಮಾಡುವ ಒಪ್ಪಂದವಾಯಿತು. ಈಸ್ಟ್ ಇಂಡಿಯಾ ಕಂಪನಿಗೊಂದು ಪಾಲು, ಹೈದರಾಬಾದಿನ ನಿಜಾಮನಿಗೊಂದು ಪಾಲು, ಉಳಿದದ್ದು ಇನ್ನೂ ಐದು ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ. ಒಪ್ಪಂದದ ಜೊತೆಗಿದ್ದ ಪಟ್ಟಿಯಲ್ಲಿ ಸೀಮೆಗಳ ಹೆಸರಿದ್ದವು, ಒಂದೊಂದರ ಎದುರಿಗೂ ಅದರ ಹುಟ್ಟುವಳಿ ಎಷ್ಟು ಕಂಠೀರಾಯಿ ವರಹ ಎಂದು ಬರೆದಿತ್ತು. ಆದರೆ ಒಂದು ಸೀಮೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಬಲ್ಲ ನಂಬಿಕಸ್ಥ ನಕ್ಷೆ ಯಾರ ಬಳಿಯೂ ಇರಲಿಲ್ಲ.

ಗೆದ್ದವರಿಗೆ ತಾವು ಗೆದ್ದದ್ದು ಎಷ್ಟು ಎಂದೇ ತಿಳಿಯದ ಆ ಹೊತ್ತಿನಲ್ಲಿ ಶ್ರೀರಂಗಪಟ್ಟಣದಿಂದ ಎರಡು ಅಳತೆಯ ಕೆಲಸಗಳು ಹೊರಟವು. ಒಂದು ನಾಡನ್ನು ಅಳೆಯುವುದು. ಇನ್ನೊಂದು ಭೂಮಿಯನ್ನು ಅಳೆಯುವುದು. ಮೊದಲನೆಯದು ಸರ್ಕಾರಕ್ಕೆ ಬೇಕಿತ್ತು. ಎರಡನೆಯದನ್ನು ಕೇಳಿದವರು ಯಾರೂ ಇರಲಿಲ್ಲ. ನಲವತ್ತು ದಾಟಿದ, ಮಾತು ಕಡಿಮೆಯ, ಸೈನ್ಯದಲ್ಲಿ ದೊಡ್ಡ ಹೆಸರೇನೂ ಮಾಡದ ಒಬ್ಬ ಅಧಿಕಾರಿಗೆ ಮಾತ್ರ ಅದು ಬೇಕಿತ್ತು. ಅವನ ಹೆಸರು ವಿಲಿಯಂ ಲ್ಯಾಂಬ್ಟನ್.

ಲ್ಯಾಂಬ್ಟನ್ ಇಂಗ್ಲೆಂಡಿನ ಯಾರ್ಕ್‌ಶೈರಿನ ಸಾಧಾರಣ ಮನೆತನದವನು. ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲಿ ಸೈನ್ಯ ಸೇರಿ, ಆಮೇಲೆ ಕೆನಡಾದ ನ್ಯೂ ಬ್ರನ್ಸ್‌ವಿಕ್ ಕಾಡುಗಳ ನಡುವೆ ವರ್ಷಗಟ್ಟಲೆ ಬ್ಯಾರಕ್ಕಿನ ಲೆಕ್ಕಪತ್ರ ನೋಡಿಕೊಂಡು ಕಳೆದ. ಅಲ್ಲಿ ಕೂತು ಗಣಿತವನ್ನೂ ಖಗೋಳವನ್ನೂ ತಾನೇ ಓದಿಕೊಂಡ. ಸೂರ್ಯಗ್ರಹಣ ನೋಡಲು ಹೋಗಿ ಒಂದು ಕಣ್ಣಿಗೆ ಪೆಟ್ಟು ಮಾಡಿಕೊಂಡ. ಭಾರತಕ್ಕೆ ಬಂದಾಗ ಅವನ 33ನೇ ರೆಜಿಮೆಂಟಿನ ಮುಖ್ಯಸ್ಥನಾಗಿದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು.

ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಲ್ಯಾಂಬ್ಟನ್ ಇದ್ದದ್ದು ಜನರಲ್ ಡೇವಿಡ್ ಬೇರ್ಡನ ಕೈಕೆಳಗೆ. ಬೇರ್ಡನಿಗೆ ಈ ಊರು ಹೊಸದಲ್ಲ; 1780ರ ಪೊಳ್ಳಿಲೂರು ಕಾಳಗದಲ್ಲಿ ಹೈದರಾಲಿಗೆ ಸೆರೆಸಿಕ್ಕಿ ಇದೇ ಕೋಟೆಯಲ್ಲಿ ಮೂರೂವರೆ ವರ್ಷಕ್ಕೂ ಮಿಕ್ಕಿ ಕೊಳೆತಿದ್ದವನು. 1799ರ ಏಪ್ರಿಲ್ ಮೊದಲ ವಾರದ ಒಂದು ರಾತ್ರಿ ಕೋಟೆಯ ಆಚೆಗಿನ ಸುಲ್ತಾನಪೇಟೆ ತೋಪನ್ನು ಜಾಲಾಡಿ ಬರುವಂತೆ ಅವನಿಗೆ ಆಜ್ಞೆಯಾಯಿತು. ಮರಗಳ ದಟ್ಟಣೆ, ಅಡ್ಡಡ್ಡ ಹಾಯ್ದ ನೀರಿನ ಕಾಲುವೆಗಳು, ಕಣ್ಣಿಗೆ ಕಾಣದ ಕತ್ತಲು. ತೋಪಿನಲ್ಲಿ ಯಾರೂ ಇರಲಿಲ್ಲ. ಮರಳಿ ಬರುವಾಗ ದಂಡು ದಾರಿ ತಪ್ಪಿತು. ಲ್ಯಾಂಬ್ಟನ್ ತಲೆಯೆತ್ತಿ ನಕ್ಷತ್ರ ನೋಡಿದ. ದಕ್ಷಿಣಕ್ಕೆ ಹೋಗಬೇಕಾದ ದಂಡು ಉತ್ತರಕ್ಕೆ, ನೇರ ಟಿಪ್ಪುವಿನ ಪಡೆಯ ಕಡೆಗೇ ನಡೆಯುತ್ತಿತ್ತು. ಬೇರ್ಡನಿಗೆ ಹೇಳಿದರೆ ಅವನು ಒಪ್ಪಲಿಲ್ಲ, ನಕ್ಷತ್ರ ನೋಡದೆಯೂ ತನಗೆ ದಾರಿ ಗೊತ್ತು ಎಂದ. ಕೊನೆಗೆ ದಿಕ್ಸೂಚಿ ತೆಗೆದು ನೋಡಿದರೆ ಮುಳ್ಳು ಲ್ಯಾಂಬ್ಟನ್ ಹೇಳಿದ್ದನ್ನೇ ಹೇಳಿತು. ದಂಡು ಹಿಂದಿರುಗಿತು.

ಕೋಟೆ ಬಿದ್ದ ಮೇಲೆ ಲ್ಯಾಂಬ್ಟನ್ ಒಂದು ಯೋಜನೆ ಬರೆದು ಮುಂದಿಟ್ಟ. ಹೊಸದಾಗಿ ಸಿಕ್ಕ ಸೀಮೆಯ ನಡುವಿನಿಂದ ಪೂರ್ವ ಕರಾವಳಿಗೂ ಪಶ್ಚಿಮ ಕರಾವಳಿಗೂ ತ್ರಿಕೋನಗಳ ಸರಣಿ ಹೆಣೆಯಬೇಕು. ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ. ಅದರಿಂದ ನಕ್ಷೆಗೆ ಅಲುಗದ ಚೌಕಟ್ಟು ಸಿಗುತ್ತದೆ ಎಂಬುದು ಸರ್ಕಾರಕ್ಕೆ ಹೇಳಿದ ಕಾರಣ. ಅವನ ಮನಸ್ಸಿನಲ್ಲಿದ್ದದ್ದು ಇನ್ನೂ ದೊಡ್ಡದು, ಅದನ್ನವನು ಮುಚ್ಚಿಡಲೂ ಇಲ್ಲ. ಇದೇ ತ್ರಿಕೋನಗಳಿಂದ ಭೂಮಿಯ ನಿಜವಾದ ಆಕಾರ ಎಂಥದು ಎಂದು ಕಂಡುಹಿಡಿಯಬಹುದು ಎಂದ. ವೆಲ್ಲೆಸ್ಲಿ ಬೆನ್ನಿಗೆ ನಿಂತ. 1800ರ ಆರಂಭದಲ್ಲಿ ಮದರಾಸು ಸರ್ಕಾರ ಒಪ್ಪಿತು.

ಭೂಮಿ ಗುಂಡಗಿದೆ ಎಂಬುದು ಆಗ ಹೊಸ ಮಾತೇನಲ್ಲ. ಐದನೇ ಶತಮಾನದ ಕೊನೆಗೇ ಆರ್ಯಭಟ ಅದರ ವ್ಯಾಸ 1050 ಯೋಜನ ಎಂದು ಲೆಕ್ಕ ಕೊಟ್ಟಿದ್ದ. ಪ್ರಶ್ನೆ ಇದ್ದದ್ದು ಎಷ್ಟು ಗುಂಡಗಿದೆ ಎಂಬುದರಲ್ಲಿ. 1672ರಲ್ಲಿ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ ಫ್ರೆಂಚ್ ಖಗೋಳಜ್ಞ ಜಾನ್ ರಿಷೇರ್, ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ತನ್ನ ಲೋಲಕದ ಗಡಿಯಾರ ಸಮಭಾಜಕದ ಹತ್ತಿರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳುವುದನ್ನು ಕಂಡ. ಸಮಭಾಜಕದ ಬಳಿ ಗುರುತ್ವದ ಸೆಳೆತ ತುಸು ಕಡಿಮೆ, ಏಕೆಂದರೆ ತಿರುಗುವ ಭೂಮಿ ಅಲ್ಲಿ ಉಬ್ಬಿ ಧ್ರುವಗಳಲ್ಲಿ ಚಪ್ಪಟೆಯಾಗಿದೆ ಎಂದು ನ್ಯೂಟನ್ ವಿವರಿಸಿದ. ಪ್ಯಾರಿಸ್ಸಿನ ಕ್ಯಾಸಿನಿ ಮನೆತನದವರ ಅಳತೆ ಇದಕ್ಕೆ ತದ್ವಿರುದ್ಧವಾಗಿ, ಭೂಮಿ ಧ್ರುವಗಳ ಕಡೆಗೆ ಚಾಚಿದೆ ಎಂದಿತು. ಜಗಳ ತೀರಿಸಲು 1735ರಲ್ಲಿ ಒಂದು ತಂಡ ಪೆರುವಿಗೂ ಮರುವರ್ಷ ಇನ್ನೊಂದು ಲ್ಯಾಪ್‌ಲ್ಯಾಂಡಿಗೂ ಹೋದವು. ನ್ಯೂಟನ್ ಗೆದ್ದ. ಆದರೆ ಉಬ್ಬು ಎಷ್ಟು ಎಂಬುದರಲ್ಲಿ ಅಳತೆಗಳು ಒಂದಕ್ಕೊಂದು ಹೊಂದಲಿಲ್ಲ. ಉಷ್ಣವಲಯದಲ್ಲಿ ಉದ್ದವಾದ ಇನ್ನೊಂದು ಅಳತೆ ಬೇಕಿತ್ತು. ಯುರೋಪಿನ ವಿಜ್ಞಾನಕ್ಕೆ ಇದ್ದ ಆ ಕೊರತೆಯನ್ನು ಕಾವೇರಿ ದಂಡೆಯಲ್ಲಿ ಕೂತು ಮನಸ್ಸಿಗೆ ತಂದುಕೊಂಡವನು ಲ್ಯಾಂಬ್ಟನ್.

ವಿಧಾನ ಹೇಳಲು ಸುಲಭ. ನೆಲದ ಮೇಲೆ ಒಂದು ಗೆರೆಯನ್ನು ಅತಿ ನಿಖರವಾಗಿ ಅಳೆಯಬೇಕು. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನ ಅಳೆದರೆ, ಬೆಟ್ಟ ಹತ್ತದೆಯೇ ಅದು ಎಷ್ಟು ದೂರ ಎಂದು ಲೆಕ್ಕ ಹಾಕಬಹುದು. ಆ ದೂರವೇ ಮುಂದಿನ ತ್ರಿಕೋನಕ್ಕೆ ಬುಡ. ಹೀಗೆ ಒಂದೇ ಒಂದು ಗೆರೆಯನ್ನು ನೆಲದಲ್ಲಿ ಅಳೆದು ನೂರಾರು ಮೈಲಿ ಸಾಗಬಹುದು. ಹೀಗೆ ಬಂದ ಉತ್ತರ ದಕ್ಷಿಣದ ಉದ್ದವನ್ನು ಎರಡೂ ತುದಿಗಳಲ್ಲಿ ನಕ್ಷತ್ರ ನೋಡಿ ಕಂಡುಕೊಂಡ ಅಕ್ಷಾಂಶದ ಜೊತೆ ಇಟ್ಟರೆ, ಒಂದು ಡಿಗ್ರಿಗೆ ನೆಲದಲ್ಲಿ ಎಷ್ಟು ದೂರ ಎಂದು ಗೊತ್ತಾಗುತ್ತದೆ. ಭೂಮಿ ಸರಿಯಾದ ಗೋಳವಾಗಿದ್ದರೆ ಆ ದೂರ ಎಲ್ಲೆಡೆ ಒಂದೇ ಇರಬೇಕು. ಆದರೆ ಸಮಭಾಜಕದ ಬಳಿ ಅದು ಸುಮಾರು 110.6 ಕಿಲೋಮೀಟರ್, ಧ್ರುವದ ಬಳಿ 111.7. ಈ ಒಂದು ಕಿಲೋಮೀಟರ್ ಚಿಲ್ಲರೆಯ ಹಿಂದೆಯೇ ನೂರು ವರ್ಷದ ಹುಡುಕಾಟ ನಡೆದದ್ದು.

ಕಷ್ಟವೆಲ್ಲ ಇದ್ದದ್ದು ಆ ಮೊದಲ ಗೆರೆಯಲ್ಲಿ. 1800ರ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಬೆಂಗಳೂರಿನ ಬಳಿ ಲ್ಯಾಂಬ್ಟನ್ ಸುಮಾರು ಏಳೂವರೆ ಮೈಲಿಯ ಗೆರೆಯನ್ನು ಅಳೆದ. ಕೈಯಲ್ಲಿದ್ದದ್ದು ಲಂಡನ್ನಿನ ಹೆಸರಾಂತ ಕುಶಲಿ ಜೆಸ್ಸಿ ರಾಮ್ಸ್‌ಡೆನ್ ಮಾಡಿದ ನೂರು ಅಡಿಯ ಉಕ್ಕಿನ ಸರಪಳಿ. ಎರಡೂವರೆ ಅಡಿಯ ನಲವತ್ತು ಕೊಂಡಿಗಳು. ಅದರ ಹಿಂದೆ ಒಂದು ಕಥೆ ಇದೆ. 1793ರಲ್ಲಿ ಚೀನಾದ ಚಕ್ರವರ್ತಿಗೆ ಕಾಣಿಕೆ ಕೊಡಲೆಂದು ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿ ಹೊತ್ತೊಯ್ದ ಉಪಕರಣಗಳಲ್ಲಿ ಇದೂ ಒಂದು. ಚೀನಾ ಬೇಡವೆಂದಿತು. ರಾಯಭಾರಿಯ ಜೊತೆಗಿದ್ದ ವಿಜ್ಞಾನಿ ಡಿನ್ವಿಡ್ಡಿ ಅವನ್ನು ಕಲ್ಕತ್ತೆಗೆ ತಂದ. ಅಲ್ಲಿಂದ ಕೊಂಡುಕೊಂಡದ್ದು ಈ ಸರಪಳಿ ಮತ್ತು ನೆತ್ತಿಯ ಮೇಲಿನ ನಕ್ಷತ್ರಗಳನ್ನು ನೋಡುವ ದೊಡ್ಡ ದೂರದರ್ಶಕ.

ಸರಪಳಿಯನ್ನು ನೆಲದ ಮೇಲೆ ಎಳೆದರೆ ಆಗುತ್ತಿರಲಿಲ್ಲ. ನೆಲ ಏರುತ್ತದೆ, ತಗ್ಗುತ್ತದೆ, ಸರಪಳಿ ಜೋಲುತ್ತದೆ. ಅದಕ್ಕೆಂದು ಉದ್ದುದ್ದ ಮರದ ಪೆಟ್ಟಿಗೆಗಳನ್ನು ಕಾಲುಗಳ ಮೇಲೆ ಸಾಲಾಗಿ ಕೂರಿಸಿ, ತಿರುಪು ತಿರುಗಿಸಿ ಮಟ್ಟ ಮಾಡಿ, ಅವುಗಳೊಳಗೆ ಸರಪಳಿ ಮಲಗಿಸುತ್ತಿದ್ದರು. ಒಂದು ತುದಿಯಲ್ಲಿ ತೂಕ ಕಟ್ಟಿ ಎಳೆತವನ್ನು ಒಂದೇ ಸಮ ಇಡುತ್ತಿದ್ದರು. ಪಕ್ಕದಲ್ಲಿ ಉಷ್ಣಮಾಪಕಗಳು. ಉಕ್ಕು ಬಿಸಿಲಿಗೆ ಉದ್ದವಾಗುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಶಾಖ ಏರಿದರೆ ಏಳೂವರೆ ಮೈಲಿಯಲ್ಲಿ ಒಂದೂಕಾಲು ಮೀಟರಿಗೂ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಆದ್ದರಿಂದ ಒಂದೊಂದು ಸಲ ಸರಪಳಿ ಹಾಸಿದಾಗಲೂ ಶಾಖ ಬರೆದುಕೊಂಡು ಲೆಕ್ಕ ತಿದ್ದಬೇಕು. ನೂರು ಅಡಿ ಮುಗಿದರೆ ಪೆಟ್ಟಿಗೆ ಎತ್ತಿ ಮುಂದಿಡುವುದು, ಮತ್ತೆ ಮಟ್ಟ, ಮತ್ತೆ ತೂಕ, ಮತ್ತೆ ಉಷ್ಣಮಾಪಕ. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಇಂಥದೇ ಇನ್ನೊಂದು ಗೆರೆ ಶುರುವಾಯಿತು. ಸರಪಳಿಯನ್ನು ನಾನೂರು ಸಲ ಹಾಸಿ ಅದನ್ನು ಮುಗಿಸಲು 57 ದಿನ ಹಿಡಿಯಿತು. ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಹುಟ್ಟಿದ ದಿನ ಎಂದು ಚರಿತ್ರೆ ಗುರುತಿಸುವುದು ಆ ಏಪ್ರಿಲ್ 10ನ್ನು. ಬೆಂಗಳೂರಿನ ಗೆರೆ ಅದಕ್ಕಿಂತ ಒಂದೂವರೆ ವರ್ಷ ಹಳೆಯದು, ಶ್ರೀರಂಗಪಟ್ಟಣದ ಯೋಚನೆ ಅದಕ್ಕೂ ಹಿಂದಿನದು. ಈ ನಾಡಿನ ಚರಿತ್ರೆಯ ಪಾಠಗಳಲ್ಲಿ ಇದಕ್ಕೊಂದು ಸಾಲಾದರೂ ಸಿಗಬೇಕಿತ್ತು.

ಕೋನ ಅಳೆಯುವ ಥಿಯೋಡಲೈಟ್ ಅರ್ಧ ಟನ್ ಭಾರದ್ದು. ಇಂಗ್ಲೆಂಡಿನಿಂದ ಬರುವಾಗ ಫ್ರೆಂಚರ ಹಡಗಿನ ಕೈಗೆ ಸಿಕ್ಕಿ ಮಾರಿಷಸ್ ಸೇರಿತು. ಎರಡು ದೇಶಗಳ ನಡುವೆ ಹಗೆ ಇದ್ದರೂ, ಇದು ವಿಜ್ಞಾನದ ಸಾಮಾನು ಎಂದು ತಿಳಿದ ಅಲ್ಲಿನ ಅಧಿಕಾರಿಗಳು ಅದನ್ನು ಮರ್ಯಾದೆಯಿಂದ ಮದರಾಸಿಗೆ ಕಳಿಸಿಕೊಟ್ಟರು. ಅಲ್ಲಿಂದ ಪಶ್ಚಿಮಕ್ಕೆ, ಮೈಸೂರು ಸೀಮೆಯ ಬೆಟ್ಟಗಳ ಮೇಲೆ ಹಾಯ್ದು ತ್ರಿಕೋನಗಳು ಅರಬ್ಬಿ ಸಮುದ್ರ ಮುಟ್ಟಿದವು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಗೆರೆಯನ್ನು ಸರಪಳಿ ಹಾಸಿ ಅಳೆದು, ಮದರಾಸಿನಿಂದ ತ್ರಿಕೋನಗಳ ಮೂಲಕ ಬಂದ ಲೆಕ್ಕದೊಂದಿಗೆ ಹೋಲಿಸಿದರು. ಏಳು ಮೈಲಿ ಮೀರಿದ ಗೆರೆಯಲ್ಲಿ ವ್ಯತ್ಯಾಸ ನಾಲ್ಕು ಅಂಗುಲಕ್ಕೂ ಕಡಿಮೆ. ಅದೇ ಅಳತೆ ಇನ್ನೊಂದನ್ನೂ ಬಯಲು ಮಾಡಿತು. ಮದರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ಹಳೆಯ ನಕ್ಷೆಗಳು ತೋರಿಸುತ್ತಿದ್ದವು, ಇರುವುದು 360. ನಕ್ಷೆಯಲ್ಲಿದ್ದ ನಲವತ್ತು ಮೈಲಿ ಅಗಲದ ನಾಡು ಇರಲೇ ಇಲ್ಲ.

ಇಷ್ಟಾದರೂ ಮದರಾಸಿನ ಹಣಕಾಸು ಸಮಿತಿಗೆ ಖರ್ಚು ದಂಡ ಅನ್ನಿಸಿತು. ಸಮಿತಿಯ ಸದಸ್ಯನೊಬ್ಬ ಆಡಿದ ಮಾತು ಉಳಿದುಬಂದಿದೆ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರ ಮುಖಂಡನಿಗೆ ಹೇಳಿದರೆ ಸಾಕು, ಲ್ಯಾಂಬ್ಟನ್ನನ ನಕ್ಷೆಯ ಹಂಗಿಲ್ಲದೆ ಅವನು ಊರು ಮುಟ್ಟಿಸುತ್ತಾನೆ ಎಂಬುದು ಅದರ ಸಾರ. ಲ್ಯಾಂಬ್ಟನ್ನನ ಅಭಿಮಾನಿಗಳು ಇದನ್ನು ಮೂಢತನಕ್ಕೆ ಉದಾಹರಣೆಯಾಗಿ ಎತ್ತಿ ತೋರಿಸುತ್ತಾರೆ. ಆದರೆ ಆ ಸದಸ್ಯ ಹೇಳಿದ್ದರಲ್ಲಿ ಸುಳ್ಳೇನಿದೆ? ಪಲ್ಲಕ್ಕಿ ಹೊರುವ ಬೋವಿಗಳಿಗೆ ದಾರಿ ಗೊತ್ತಿತ್ತು. ಎಲ್ಲಿ ನೀರು, ಎಲ್ಲಿ ಛತ್ರ, ಯಾವ ತಿಂಗಳಲ್ಲಿ ಯಾವ ಹೊಳೆ ದಾಟಬಹುದು ಎಂಬ ಅವರ ತಿಳಿವಳಿಕೆ ಲ್ಯಾಂಬ್ಟನ್ನನ ಯಾವ ತ್ರಿಕೋನದಲ್ಲೂ ಇರಲಿಲ್ಲ. ನಕ್ಷೆ ಕೊಡುವ ಉತ್ತರ ಬೇರೊಂದು ಪ್ರಶ್ನೆಗೆ.

ನೆಲವನ್ನು ಅಳೆಯುವುದು ಈ ಸೀಮೆಗೆ ತಿಳಿಯದ ವಿದ್ಯೆಯೇನೂ ಆಗಿರಲಿಲ್ಲ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಕ್ಷೇತ್ರಗಣಿತ ಬರೆದಿದ್ದ. ಹೇಮಾವತಿ, ಕಾವೇರಿ ಬಯಲಿನಲ್ಲಿ ಗದ್ದೆಯ ಲೆಕ್ಕ ನಡೆಯುತ್ತಿದ್ದದ್ದು ಬೀಜವರಿಯಲ್ಲಿ. ಇಷ್ಟು ಕೊಳಗ, ಇಷ್ಟು ಖಂಡುಗ ಭತ್ತ ಬಿತ್ತುವ ನೆಲ ಎಂದರೆ ಒಕ್ಕಲಿಗನಿಗೂ ಶಾನುಭೋಗನಿಗೂ ಸಾಕಾಗಿತ್ತು. ಈ ಅಳತೆಯಲ್ಲಿ ನೆಲದ ಹದವೂ ಸೇರಿರುತ್ತದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಈ ಸೀಮೆಯಲ್ಲೆಲ್ಲ ತಿರುಗಿದ ಫ್ರಾನ್ಸಿಸ್ ಬುಕಾನನ್ ಊರೂರಿನ ಬೆಳೆ, ಅಳತೆ, ಕಂದಾಯಗಳನ್ನು ಕೂತು ಕೇಳಿ ಬರೆದುಕೊಂಡದ್ದು ಇಂಥ ಲೆಕ್ಕಗಳನ್ನೇ. ಆದರೆ ಬೀಜವರಿ ಊರಿನೊಳಗಿನ ಅಳತೆ. ನೂರು ಮೈಲಿ ದೂರದ ಕಚೇರಿಯಲ್ಲಿ ಕೂತವನಿಗೆ ಅದು ಹಿಡಿತಕ್ಕೆ ಸಿಗುವುದಿಲ್ಲ. ದೂರದಿಂದ ಆಳುವವರಿಗೆ ಎಕರೆ ಬೇಕು, ಸರಪಳಿ ಬೇಕು, ಎಲ್ಲೆಕಲ್ಲು ಬೇಕು. 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕಂದಾಯದ ಸರ್ವೆ ಶುರುವಾದಾಗ ಆದದ್ದು ಅದೇ.

ನಾಡನ್ನು ಅಳೆಯುವ ಆ ಮೊದಲ ಕೆಲಸ ವಹಿಸಿಕೊಂಡವನು ಕಾಲಿನ್ ಮೆಕೆಂಜಿ, ಇವನೂ ಮುತ್ತಿಗೆಯಲ್ಲಿ ಇದ್ದವನು. ಮೈಸೂರಿನ ನಲವತ್ತು ಸಾವಿರ ಚದರ ಮೈಲಿಯ ಸರ್ವೆಗೆ ವರ್ಷಗಳೇ ಹಿಡಿದವು. ಗಡಿ ಗುರುತಿಸಲು ಹೊರಟವನು ಊರಿನ ಕಥೆಯನ್ನೂ ಕೇಳತೊಡಗಿದ: ಕೆರೆ ಕಟ್ಟಿಸಿದವರಾರು, ಈ ಕಲ್ಲಿನ ಮೇಲೇನು ಬರೆದಿದೆ. ಓದಿ ಹೇಳಿದವರು ಇಲ್ಲಿನವರು. ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಹಳಗನ್ನಡ ಶಾಸನಗಳನ್ನು ಬಿಡಿಸಿದ ಮಲೆಯೂರಿನ ಜೈನ ವಿದ್ವಾಂಸ ಧರ್ಮಯ್ಯ. ಬೋರಯ್ಯ 1803ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಅವರು ಸೇರಿಸಿದ ಕೈಫಿಯತ್ತುಗಳಲ್ಲಿ, ಎಂದರೆ ಊರೂರಿನ ಚರಿತ್ರೆಯ ಬರಹಗಳಲ್ಲಿ, ಕನ್ನಡದವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ತಂದರು. ಎಷ್ಟೋ ಊರುಗಳ ಹಳೆಯ ಚರಿತ್ರೆ ಇಂದು ಸಿಗುವುದು ಅಲ್ಲಿ ಮಾತ್ರ. ಆಳಲು ಬಂದವರ ಕಡತ ಆಳಿಸಿಕೊಂಡವರ ನೆನಪನ್ನು ಉಳಿಸಿತು. ಇದಕ್ಕೆ ಕೃತಜ್ಞರಾಗಬೇಕೋ ಸಿಟ್ಟಾಗಬೇಕೋ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸಲು ಹೊರಟವರು ಎರಡರಲ್ಲಿ ಒಂದು ಸತ್ಯವನ್ನು ಬಿಟ್ಟುಕೊಡಬೇಕಾಗುತ್ತದೆ.

ಲ್ಯಾಂಬ್ಟನ್ನನ ಕಡೆ ಅಂಥ ಹೆಸರುಗಳೂ ಸಿಗುವುದಿಲ್ಲ. ಅರ್ಧ ಟನ್ ಯಂತ್ರವನ್ನು ಬೆಟ್ಟ ಹತ್ತಿಸಿದವರು, ನೋಟಕ್ಕೆ ಅಡ್ಡ ಬಂದ ಮರ ಕಡಿದವರು, ಇನ್ನೊಂದು ಬೆಟ್ಟದ ತುದಿಯಲ್ಲಿ ಬಾವುಟ ಹಿಡಿದು ಮಳೆ ಗಾಳಿಯಲ್ಲಿ ಕಾದವರು, ಮಲೆನಾಡಿನ ಜ್ವರಕ್ಕೆ ಸಿಕ್ಕವರು ವರದಿಗಳಲ್ಲಿ ಬರೀ ಖಲಾಸಿಗಳು. ಮುಂದಿನ ತಲೆಮಾರಿನಲ್ಲಿ ಮಾತ್ರ ಕೆಲವು ಹೆಸರು ಮೇಲೆ ಬಂದವು: ಶಿಖರಗಳ ಎತ್ತರದ ಲೆಕ್ಕ ಹಾಕಿದ ರಾಧಾನಾಥ ಸಿಕ್ದಾರ್, ಉಪಕರಣಗಳನ್ನು ರಿಪೇರಿ ಮಾಡುವುದರಲ್ಲಿ ಎತ್ತಿದ ಕೈಯಾದ ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್.

ಲ್ಯಾಂಬ್ಟನ್ನನ ಸಹಾಯಕ ಜಾನ್ ವಾರೆನ್‌ನ ಕಥೆ ಬೇರೆಯೇ ಹೇಳಬೇಕಾದದ್ದು. ಮೈಸೂರಿನ ಪೂರ್ವದ ಗಡಿ ಗುರುತಿಸುವ ಕೆಲಸದಲ್ಲಿದ್ದಾಗ, 1802ರಲ್ಲಿ, ಕೋಲಾರದ ಕಡೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಬರೆದವನು ಇವನೇ. ಕೋಲಾರದ ಚಿನ್ನದ ಗಣಿಗಳ ಆಧುನಿಕ ಚರಿತ್ರೆ ಶುರುವಾಗುವುದು ಅಲ್ಲಿಂದ. ಕೊನೆಗಾಲದಲ್ಲಿ ಅವನು ನಮ್ಮ ಪಂಚಾಂಗಗಳ ಅಧ್ಯಯನಕ್ಕೆ ಕೂತು 1825ರಲ್ಲಿ ‘ಕಾಲಸಂಕಲಿತ’ ಎಂಬ ಗ್ರಂಥ ತಂದ. ತಮಿಳು ಪಂಚಾಂಗದವನೊಬ್ಬ ನೆಲದ ಮೇಲೆ ಚಿಪ್ಪುಗಳನ್ನು ಜೋಡಿಸುತ್ತ, ಬಾಯಿಪಾಠದ ಕೋಷ್ಟಕಗಳಿಂದಲೇ ಆ ವರ್ಷದ ಚಂದ್ರಗ್ರಹಣವನ್ನು ಲೆಕ್ಕ ಹಾಕಿದ್ದನ್ನು ಅದರಲ್ಲಿ ವಾರೆನ್ ದಾಖಲಿಸಿದ್ದಾನೆ. ಗ್ರಹಣ ಹಿಡಿಯುವ ಹೊತ್ತಿನಲ್ಲಿ ಆ ಪಂಚಾಂಗದವನ ತಪ್ಪು ಕೆಲವೇ ನಿಮಿಷ.

ಲ್ಯಾಂಬ್ಟನ್ ಮಾತ್ರ ತನ್ನ ಗೆರೆ ಬಿಡಲಿಲ್ಲ. 1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಮೇಲಕ್ಕೆ ಥಿಯೋಡಲೈಟ್ ಏರಿಸುವಾಗ ಹಗ್ಗ ಹರಿದು, ಯಂತ್ರ ಗೋಡೆಗೆ ಬಡಿದು, ಅದರ ಚಕ್ರ ಸೊಟ್ಟಗಾಯಿತು. ಆರು ವಾರ ಡೇರೆಯೊಳಗೆ ಕೂತು ಅಂಗುಲ ಅಂಗುಲವಾಗಿ ಅದನ್ನು ನೆಟ್ಟಗೆ ಮಾಡಿದ. ದಕ್ಷಿಣಕ್ಕೆ ಕನ್ಯಾಕುಮಾರಿ ಮುಟ್ಟಿ ಉತ್ತರಕ್ಕೆ ತಿರುಗಿದ. 1823ರ ಜನವರಿಯಲ್ಲಿ ಈಗಿನ ಮಹಾರಾಷ್ಟ್ರದ ಹಿಂಗನಘಾಟಿನಲ್ಲಿ, ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಕೆಲಸದ ನಡುವೆಯೇ ತೀರಿಕೊಂಡ. ಅವನ ನಂತರ ಜಾರ್ಜ್ ಎವರೆಸ್ಟ್ ಆ ಗೆರೆಯನ್ನು 1841ರ ಹೊತ್ತಿಗೆ ಹಿಮಾಲಯದ ಬುಡಕ್ಕೆ ತಲುಪಿಸಿದ. ಉದ್ದ ಸುಮಾರು 2400 ಕಿಲೋಮೀಟರ್. ಗೆರೆ ಮುಗಿಯುವ ಮೊದಲೇ, ಆವರೆಗಿನ ಅಳತೆಯಿಂದ ಎವರೆಸ್ಟ್ 1830ರಲ್ಲಿ ಕೊಟ್ಟ ಭೂಮಿಯ ಆಕಾರದ ಲೆಕ್ಕ ಭಾರತದ ನಕ್ಷೆಗಳಿಗೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಆಧಾರವಾಗಿತ್ತು. ಇಂದು ಮಂಡ್ಯ ಜಿಲ್ಲೆಯ ಮಾಕವಳ್ಳಿಯ ಕಬ್ಬಿನ ರೈತ ‘ದಿಶಾಂಕ್’ ಆ್ಯಪ್ ತೆರೆದು ತಾನು ನಿಂತ ಗದ್ದೆಯ ಸರ್ವೆ ನಂಬರ್ ನೋಡುವಾಗ ಅದು ನಂಬುವುದು ಉಪಗ್ರಹಗಳ ಲೆಕ್ಕವನ್ನು. ಅದರಲ್ಲಿ ಸಮಭಾಜಕದ ತ್ರಿಜ್ಯ ಎವರೆಸ್ಟನ ಲೆಕ್ಕಕ್ಕಿಂತ 861 ಮೀಟರ್ ಹೆಚ್ಚು. ಆರು ಸಾವಿರದ ಮುನ್ನೂರು ಚಿಲ್ಲರೆ ಕಿಲೋಮೀಟರಿನಲ್ಲಿ ಅಷ್ಟೇ ತಪ್ಪು.

ಆದರೆ ಅಳತೆ ಇನ್ನೊಂದು ಒಗಟನ್ನು ಹುಟ್ಟಿಸಿತ್ತು. ಬೆಂಗಳೂರಿನ ದೊಡ್ಡಗುಂಟೆಯಲ್ಲಿ ನಕ್ಷತ್ರ ನೋಡಿ ತೆಗೆದ ಅಕ್ಷಾಂಶ ತನ್ನ ಉಳಿದ ಲೆಕ್ಕಕ್ಕೆ ಕೂಡಿಬಾರದ್ದನ್ನು ಲ್ಯಾಂಬ್ಟನ್ನೇ ಗಮನಿಸಿದ್ದ. ‘ನೇರ ಕೆಳಗೆ’ ಯಾವುದು ಎಂದು ಹೇಳುವುದು ದಾರಕ್ಕೆ ಕಟ್ಟಿದ ತೂಕದ ಗುಂಡು. ನೆಲದೊಳಗೆ ಹೆಚ್ಚು ಸಾಂದ್ರವಾದದ್ದೇನೋ ಇದ್ದು ಗುಂಡನ್ನು ಪಕ್ಕಕ್ಕೆ ಸೆಳೆಯುತ್ತಿರಬಹುದೇ ಎಂದು ಅವನು ಶಂಕಿಸಿದ. ಉತ್ತರದಲ್ಲಿ ಹಿಮಾಲಯದ ಹತ್ತಿರ ಹೋದಾಗ ಆ ಒಗಟು ತಿರುಗುಮುರುಗಾಯಿತು. ಕಲ್ಯಾಣಪುರ, ಕಲಿಯಾನ ಎಂಬ ಎರಡು ಠಾಣೆಗಳ ನಡುವೆ ತ್ರಿಕೋನಗಳ ಲೆಕ್ಕಕ್ಕೂ ನಕ್ಷತ್ರದ ಲೆಕ್ಕಕ್ಕೂ ಬಂದ ವ್ಯತ್ಯಾಸ 5.236 ಸೆಕೆಂಡು ಕೋನ. ಕಲ್ಕತ್ತೆಯ ಪಾದ್ರಿ ಜಾನ್ ಪ್ರ್ಯಾಟ್ ಕೂತು ಲೆಕ್ಕ ಹಾಕಿದರೆ ಅಷ್ಟು ದೊಡ್ಡ ಪರ್ವತ ಗುಂಡನ್ನು ಅದರ ಮೂರು ಪಟ್ಟು ಸೆಳೆಯಬೇಕಿತ್ತು. ಹಿಮಾಲಯ ಕಾಣುವಷ್ಟು ಭಾರವಿಲ್ಲ ಎಂದಂತಾಯಿತು. 1855ರಲ್ಲಿ ಇಂಗ್ಲೆಂಡಿನ ಜಾರ್ಜ್ ಏರಿ ಉತ್ತರ ಕೊಟ್ಟ: ಪರ್ವತಗಳ ಅಡಿಯಲ್ಲಿ ಹಗುರವಾದ ಶಿಲೆಯ ಆಳವಾದ ಬೇರುಗಳಿವೆ, ಪರ್ವತ ತನ್ನ ಕೆಳಗಿನ ಸಾಂದ್ರ ಪದರದ ಮೇಲೆ ತೇಲುತ್ತದೆ. ಇಂದಿನ ಭೂವಿಜ್ಞಾನದ ಒಂದು ಮೂಲ ತತ್ವ ಸಿಕ್ಕಿದ್ದು ಐದು ಸೆಕೆಂಡಿನ ಆ ತಕರಾರಿನಿಂದ.

ಭೂಮಿ ಧ್ರುವಗಳಲ್ಲಿ ಚಪ್ಪಟೆಯಾದ ಗೋಳ ಎಂಬ ಉತ್ತರವೂ ಪೂರ್ತಿಯಲ್ಲ ಎಂಬುದು ಈಗ ಗೊತ್ತಿದೆ. ಗುರುತ್ವದ ಏರಿಳಿತದಿಂದ ಸಮುದ್ರದ ಮಟ್ಟವೇ ಎಲ್ಲೆಡೆ ಸಮನಾಗಿಲ್ಲ. ಇಡೀ ಭೂಮಿಯಲ್ಲಿ ಅದು ಅತಿ ತಗ್ಗಾಗಿರುವುದು ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಲೆಕ್ಕದ ಮಟ್ಟಕ್ಕಿಂತ 106 ಮೀಟರ್ ಕೆಳಗೆ, ಮೂವತ್ತು ಲಕ್ಷ ಚದರ ಕಿಲೋಮೀಟರಿಗೂ ಮಿಕ್ಕಿದ ಹರವಿನಲ್ಲಿ. 1948ರಲ್ಲಿ ಡಚ್ ವಿಜ್ಞಾನಿ ವೆನಿಂಗ್ ಮೈನೆಜ್ ಅದನ್ನು ಗುರುತಿಸಿದಾಗಿನಿಂದ ಕಾರಣ ಹುಡುಕುತ್ತಲೇ ಇದ್ದಾರೆ. 2023ರಲ್ಲಿ ಒಂದು ವಿವರಣೆ ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ. ದೇವಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ ಕಳೆದ 14 ಕೋಟಿ ವರ್ಷಗಳ ಭೂಗರ್ಭದ ಚಲನೆಯನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ ನೋಡಿದರು. ಭಾರತ ಉತ್ತರಕ್ಕೆ ಸರಿಯುವಾಗ ಹಳೆಯ ಟೆಥಿಸ್ ಸಮುದ್ರದ ತಳ ಭೂಮಿಯೊಳಕ್ಕೆ ಮುಳುಗಿತು; ಅದು ಆಫ್ರಿಕಾದ ಅಡಿಯ ಬಿಸಿ ರಾಶಿಯನ್ನು ಕದಡಿತು; ಅಲ್ಲಿಂದ ಎದ್ದ ಹಗುರ ಪದಾರ್ಥ ಹಿಂದೂ ಮಹಾಸಾಗರದ ಕೆಳಗೆ ಹರಡಿ ಗುರುತ್ವವನ್ನು ತಗ್ಗಿಸಿದೆ ಎಂಬುದು ಅವರ ತೀರ್ಮಾನ. ಆ ಬಿಸಿ ಪದಾರ್ಥ ನಿಜಕ್ಕೂ ಅಲ್ಲಿದೆಯೇ ಎಂದು ಸಮುದ್ರತಳದಲ್ಲಿ ಭೂಕಂಪದ ಅಲೆಗಳನ್ನು ಅಳೆದು ಪರೀಕ್ಷಿಸುವ ಕೆಲಸ ಆ ಹೊತ್ತಿಗೆ ಇನ್ನೂ ಬಾಕಿ ಇತ್ತು.